ಕನ್ನಡಿಗೆ ಸಿಗುವ ಸೀಟು

ಪೂನಮ್ ಮೊದಲ ದಿನ ನನ್ನ ವ್ಯಾನು ಹತ್ತಿದಾಗ ಅವಳಿಗೆ ಹೊಟ್ಟೆನೋವು ಎಂದುಕೊಂಡೆ. ಮುಖ ಅಷ್ಟು ಗಂಟು ಹಾಕಿಕೊಂಡಿತ್ತು. ಕರಿ ಬ್ಯಾಗೊಂದನ್ನು ಹೊಟ್ಟೆಗೆ ಅವಚಿಕೊಂಡಿದ್ದಳು.

"ಏನ್ ಬ್ಯಾನಿ ರಿ ಬಾಯಾರ? ಹೊಟ್ಟಿದೋ, ತಲಿದೋ?" ಎಂದು ಕೇಳಿದೆ.

"ಬ್ಯಾನಿ ನನಗಲ್ಲ. ನಿಮ್ಮ ವ್ಯಾನಿಗೆ ಐತಿ ಅಂತ. ನೋಡಾಕ ಬಂದೇನಿ."

ನಮ್ಮದು ಐದು ಮಂದಿ ಡಾಕ್ಟರರು ಕೂಡಿ ನಡೆಸುವ ದವಾಖಾನೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರು ಊರಿಗೂ ಒಂದೇ ಬೋರ್ಡು. ಅದರ ವ್ಯಾನಿನ ಡ್ರೈವರ್ ನಾನು, ಲಖನ. ದಿನಾ ಮುಂಜಾನೆ ಗೋಕಾಕದಿಂದ ಹೊರಟು ನಾಗನೂರ, ತುಕ್ಕಾನಟ್ಟಿಯ ಪೇಷಂಟುಗಳನ್ನು ಪುಕ್ಕಟೆ ಹತ್ತಿಸಿಕೊಂಡು ಮೂಡಲಗಿ ದವಾಖಾನೆಗೆ ಮುಟ್ಟಿಸುವುದು, ಸಂಜೆ ಮನೆಗೆ ಬಿಡುವುದು ನನ್ನ ಕೆಲಸ. ಪೂನಮ್ ಹುಕ್ಕೇರಿಯ ಹುಡುಗಿ. ಡಾಕ್ಟರರು ಹೊಸದಾಗಿ ಇಟ್ಟುಕೊಂಡ ಫೈನಾನ್ಸಿಯಲ್ ಅನಾಲಿಸ್ಟ್. ಎಲ್ಲಿ ಲಾಭ, ಎಲ್ಲಿ ಲುಕ್ಸಾನು ಎಂದು ನೋಡಿ ತಿಂಗಳ ಕೊನೆಯ ಶನಿವಾರ ಅವರ ಮುಂದೆ ರಿಪೋರ್ಟ್ ಇಡಬೇಕು. ರಿಪೋರ್ಟ್ ಸರಿ ಬಂದರೆ ಕೆಲಸ ಕಾಯಂ. ತಪ್ಪಿದರೆ ಮನೆಗೆ. ಅವಳ ಮೊದಲ ರಿಪೋರ್ಟೇ ನನ್ನ ವ್ಯಾನಿನದು.

"ಅಂದ್ರ ನೀವು ಡಾಕ್ಟರಗೋಳ ನಾಡಿ ನೋಡೋ ಡಾಕ್ಟರ್ ಅಂದಂಗಾತು," ಎಂದೆ.

"ಹೂಂ. ಮುಂದ ನೋಡ್ಕೊಂತ ಓಡಸ್ರಿ."

ಮುಂದೆ ಹೇಗೆ ನೋಡಲಿ? ಅವಳು ಕುಳಿತದ್ದು ನನ್ನ ಹಿಂದಿನ ಮೊದಲ ಸೀಟಿನಲ್ಲಿ. ಮೇಲಿನ ಕನ್ನಡಿಗೆ ಸರಿಯಾಗಿ ಸಿಗುವ ಸೀಟು ಅದೊಂದೇ. ಕಿವಿಯ ಮೇಲೆ ಪೆನ್ನು, ಮೂಗಿನ ತುದಿಗೆ ಜಾರಿದ ಕನ್ನಡಕ, ತೊಡೆಯ ಮೇಲೆ ಲ್ಯಾಪ್‌ಟಾಪು. ನಾಗನೂರ ಬರುವುದರೊಳಗೆ ನಾನು ಎರಡು ತಗ್ಗು ಹಾರಿಸಿದೆ, ಒಂದು ಎಮ್ಮೆಗೆ ದಾರಿ ಬಿಟ್ಟೆ, ಎಮ್ಮೆ ನನ್ನನ್ನು ನೋಡಿ ನಕ್ಕಿತು.

ನಾನು ಸಾಲಿ ಮೆಟ್ಟಿಲು ಹತ್ತಿದ್ದು ಕಡಿಮೆ, ಮಾತಿನ ಮೆಟ್ಟಿಲು ಹತ್ತಿದ್ದು ಹೆಚ್ಚು. ಬೇನೆಯವರು ಸುಮ್ಮನೆ ಕುಳಿತರೆ ಬೇನೆ ಬೆಳೆಯುತ್ತದೆ. ಅದಕ್ಕೆ ದಾರಿಯುದ್ದಕ್ಕೂ ಏನಾದರೂ ಹೇಳುತ್ತಲೇ ಇರುತ್ತೇನೆ. ಅವತ್ತು ಹೇಳಿದ್ದು ನಮ್ಮ ಯಲ್ಲಾರಿ ಮಾಮಾನ ಕಬ್ಬಿನ ಕಥೆ.

"ಮಾಮಾನ ಕಬ್ಬು ಎಷ್ಟ ಎತ್ತರ ಬೆಳದಿತ್ತಂದ್ರ, ತುದಿಮ್ಯಾಲ ಕುಂತ ಕಾಗಿಗೆ ವಿಮಾನ ಹಾರ್ನ್ ಹೊಡದು ಬಾಜೂಕ ಸರಿ ಅಂತು."

ಹಿಂದಿನವರೆಲ್ಲ ನಕ್ಕರು. ಪೂನಮ್ ತಲೆ ಎತ್ತಲಿಲ್ಲ. "ಯಾವ ವಿಮಾನ?" ಎಂದಳು.

"ಆಂ?"

"ಸಾಂಬ್ರಾ ಏರ್‌ಪೋರ್ಟಿಂದ ಹೊಂಟಿದ್ದೋ, ಬರೋದೋ? ಎಷ್ಟು ಗಂಟೇದು?"

"ಟೈಮ್ ನೋಡೋದ ಮರ್ತೆರಿ."

"ಹಂಗಾರ ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ," ಎಂದು ಕಿಟಕಿಯ ಕಡೆ ತಿರುಗಿದಳು. ಮುಖ ಕಾಣಲಿಲ್ಲ. ಆದರೆ ಕಿವಿಯ ಮೇಲಿನ ಪೆನ್ನು ಅಲುಗುತ್ತಿತ್ತು. ನಗು ತಡೆದುಕೊಂಡವರ ಪೆನ್ನು ಮಾತ್ರ ಹಾಗೆ ಅಲುಗುತ್ತದೆ.

ಮಾರನೆಯ ದಿನ ಹತ್ತುತ್ತಲೇ, ನನ್ನ ಕಡೆ ನೋಡದೆ ಹೇಳಿದಳು: "ಮುಂಜಾನಿ ಹನ್ನೊಂದು ಇಪ್ಪತ್ತಕ್ಕ ಒಂದು ವಿಮಾನ ಐತಿ. ನಿಮ್ಮ ಕಾಗಿಗೆ ಹಾರ್ನ್ ಹೊಡದದ್ದು ಅದ ಇರಬೇಕು."

ಒಂದು ಸುಳ್ಳು ಕಾಗೆಗೋಸ್ಕರ ವಿಮಾನದ ಟೈಮ್ ಹುಡುಕಿದ ಹುಡುಗಿ! ಅವತ್ತು ನನ್ನ ವ್ಯಾನಿನ ಗಾಲಿ ನೆಲ ಮುಟ್ಟಿದ್ದು ನನಗೆ ನೆನಪಿಲ್ಲ.

ಆದರೆ ದಿನ ಕಳೆದಂತೆ ಅವಳ ನಗು ಕಡಿಮೆಯಾಯಿತು. ವ್ಯಾನಿನ ತುಂಬ ಜನ ಇರುತ್ತಿದ್ದರು, ದವಾಖಾನೆಯ ಒಳಗೆ ಹೋಗಿ ಚೀಟಿ ಮಾಡಿಸುವವರು ಮೂರೋ ನಾಲ್ಕೋ ಮಂದಿ. ಉಳಿದವರು ಬೇನೆಯವರ ಅಣ್ಣ, ಅತ್ತೆ, ಬೀಗರು. ನಮ್ಮಲ್ಲಿ ಒಬ್ಬರಿಗೆ ಸೂಜಿ ಚುಚ್ಚಿದರೆ ಓಣಿಯೇ ಬ್ರೆಡ್ಡು ಹಿಡಿದುಕೊಂಡು ಮಾತಾಡಿಸಲು ಹೋಗುತ್ತದೆ. ಹೋಗದಿದ್ದರೆ ಮುಂದೆ ಮದುವೆಗೆ ಕರೆಯುವುದಿಲ್ಲ.

ಒಂದು ಸಂಜೆ ಎಲ್ಲರನ್ನೂ ಇಳಿಸಿ ಗೋಕಾಕದ ಕಡೆ ಬರುತ್ತಿದ್ದೆವು. ವ್ಯಾನಿನಲ್ಲಿ ನಾವಿಬ್ಬರೇ. "ಗಾಡಿ ಬಾಜೂಕ ಹಚ್ರಿ," ಎಂದಳು.

ಹಚ್ಚಿದೆ. ರಸ್ತೆಯ ಎರಡೂ ಬದಿಗೆ ಕಬ್ಬು. ಗಾಳಿಗೆ ಗರಿಗಳು ಪಿಸುಗುಡುತ್ತಿದ್ದವು.

"ಲಖನ ಅವರ, ನೀವು ಬ್ಯಾರೆದವ್ರ ಬಾಯಿಂದ ಕೇಳೋದು ಬ್ಯಾಡ. ಈ ವ್ಯಾನ್ ಬಂದ್ ಮಾಡ್ರಿ ಅಂತ ನಾ ಬರಿಬೇಕಾಗ್ತೈತಿ."

ನಗಲು ನೋಡಿದೆ. "ನನ್ನ ಪಗಾರ ಕಡಿಮಿ ಮಾಡ್ರಿ, ಗಾಡಿಗೆ ಡಿಸೇಲ್ ಬದ್ಲಿ ಕಬ್ಬಿನ ಹಾಲ ಹಾಕ್ತೇನಿ."

"ಚಾಷ್ಟಿ ಬ್ಯಾಡ್ರಿ," ಎಂದಳು. "ಇದನ್ನ ಬಿಟ್ಟ ಬ್ಯಾರೆ ಹೆಂಗರ ಬರಿಯಾಕ ಆಗ್ತೈತೇನ ಅಂತ ನಾನೂ ನೋಡೇನಿ. ಭಾಳ ಸಲ ನೋಡೇನಿ. ಯಾಕ ಅಷ್ಟ ಸಲ ನೋಡಿದ್ನಿ ಅಂತ ಕೇಳಬ್ಯಾಡ್ರಿ."

ಕನ್ನಡಿಯಲ್ಲಿ ಕಣ್ಣು ಕಣ್ಣು ಕೂಡಿದವು. ಅವಳು ತಿರುಗಲಿಲ್ಲ. ನಾನೇ ತಿರುಗಿ ಗೇರು ಹಾಕಿದೆ.

ಮಾರನೆಯ ದಿನ ತುಕ್ಕಾನಟ್ಟಿಯ ಉದ್ದವ್ವ ನನ್ನ ಮುಖ ನೋಡಿ, "ಯಾಕ ತಮ್ಮಾ, ಕಥಿ ಇಲ್ಲೇನ ಇವತ್ತ?" ಎಂದು ಕೇಳಿದಳು. ಉದ್ದವ್ವ ದಿನಾ ಬರುವ ಮುದುಕಿ. ಅವಳಿಗೆ ಯಾವ ಬೇನೆಯೂ ಇಲ್ಲ, ಇದ್ದರೂ ಅದು ಅವಳಿಗೆ ಹೆದರಿ ಹೊರಗೇ ನಿಲ್ಲುತ್ತದೆ.

"ಬ್ಯಾನಿಯವ್ರು ಕಡಿಮಿ ಅಂತ ಗಾಡಿ ಬಂದ್ ಮಾಡ್ತಾರಂತ ಅವ್ವಾ. ನಾನು ಮತ್ತ ಕಬ್ಬಿನ ಟ್ರ್ಯಾಕ್ಟರ್ ಹತ್ತೋದು," ಎಂದೆ. ಅಷ್ಟೇ ಹೇಳಿದ್ದು.

ಸೋಮವಾರ ತುಕ್ಕಾನಟ್ಟಿಗೆ ರೋಗ ಬಡಿಯಿತು.

ಉದ್ದವ್ವ ಎರಡೂ ಕಿವಿಗೆ ಹಾಸಿಗೆಯ ಅರ್ಧ ಹತ್ತಿ ತುರುಕಿಕೊಂಡು ನಿಂತಿದ್ದಳು. ಅವಳ ಹಿಂದೆ ಇಪ್ಪತ್ತು ಮಂದಿ ಒಂದೇ ತಾಳದಲ್ಲಿ ಕೆಮ್ಮುತ್ತಿದ್ದರು. ಬೀರಸಿದ್ದಪ್ಪ ಎಂಬ ಪೈಲ್ವಾನ ಹತ್ತುವಾಗ ಬಲಗಾಲು ಕುಂಟಿದ, ಇಳಿಯುವಾಗ ಎಡಗಾಲು. ನಾನು ಬ್ಯಾಡ ಎಂದರೂ ಕೇಳಲಿಲ್ಲ, "ಗಪ್ಪ ಕುಂದ್ರೋ, ನಿನ್ನ ಸಲುವಾಗಿ ಕೆಮ್ಮಾಕತ್ತೇವಿ," ಎಂದರು. ಎಲ್ಲರೂ ಸಾಲಾಗಿ ನಿಂತು, ತಮ್ಮ ಕೈಯಿಂದ ಫೀ ಕೊಟ್ಟು ಚೀಟಿ ಮಾಡಿಸಿದರು. ಮಂಗಳವಾರ ನಾಗನೂರೂ ಕೆಮ್ಮಿತು.

ಪೂನಮ್ ದವಾಖಾನೆಯ ಬಾಗಿಲಲ್ಲಿ ನನ್ನನ್ನು ತಡೆದಳು.

"ನೀವ ಕರ್ಕೊಂಡ ಬಂದ್ರಿ ಹೌದಿಲ್ಲೋ?"

"ಖರೆನ ಇಲ್ರಿ. ಅವ್ರು ತಾವಾಗಿ ಬಂದಾರ."

"ನಿಮ್ಮ ಕಾಗಿ ಬಂದಂಗ?"

"ಮೇಡಂ, ಇದು ಕಥಿ ಅಲ್ರಿ."

"ಯಾವುದು ಕಥಿ, ಯಾವುದು ಖರೆ ಅಂತ ನಾ ಹೆಂಗ ತಿಳ್ಕೋಬೇಕು?" ಎಂದಳು. "ನಾನು ಬ್ಯಾನಿಯವ್ರು ಮೂರ ಮಂದಿ ಅಂತ ಬರದೇನಿ. ಈಗ ಇಲ್ಲಿ ಚೀಟಿ ಕಟ್ಟಗಟ್ಟಲೆ ಆಗ್ಯಾವು. ಶನಿವಾರ ನನ್ನನ್ನ ಯಾರ ನಂಬ್ತಾರ? ನಿಮ್ಮ ಕೆಲಸ ಉಳಿಸ್ಕೊಳ್ಳಾಕ ನನ್ನ ಮಾತ ಸುಳ್ಳ ಮಾಡಿದ್ರಿ."

ಜೀವಮಾನವೆಲ್ಲ ಹಿಗ್ಗಿಸಿ ಮಾತಾಡಿದವನ ಬಾಯಿಂದ ಒಂದು ಸಣ್ಣ ಖರೆ ಹೊರಗೆ ಬಂದರೂ ಅದಕ್ಕೆ ನಿಲ್ಲಲು ಜಾಗ ಇರಲಿಲ್ಲ.

ಅಂದು ಸಂಜೆ ಅವಳು ಕಟ್ಟಕಡೆಯ ಸೀಟಿನಲ್ಲಿ ಹೋಗಿ ಕುಳಿತಳು. ಆ ಸೀಟು ಕನ್ನಡಿಗೆ ಸಿಗುವುದಿಲ್ಲ. ಕನ್ನಡಿಯಲ್ಲಿ ಬರೇ ರೆಕ್ಸಿನ್ನು, ಅದರ ಮೇಲೊಂದು ಹರಿದ ತೂತು. ಆ ತೂತನ್ನು ಅಷ್ಟು ದಿನ ನಾನು ಕಂಡೇ ಇರಲಿಲ್ಲ.

ಶನಿವಾರ ಗೋಕಾಕದ ದವಾಖಾನೆಯ ಮೇಲಿನ ಖೋಲಿಯಲ್ಲಿ ಡಾಕ್ಟರರು ಕೂಡಿದರು. ನಾನು ಕೆಳಗೆ ವ್ಯಾನು ಒರೆಸುತ್ತಿದ್ದೆ. ಒರೆಸಿದ್ದನ್ನೇ ಒರೆಸುತ್ತಿದ್ದೆ. ಮೇಲಿನಿಂದ ಕರೆ ಬಂತು: "ಡ್ರೈವರ್‌ನ ಕಳಸ್ರಿ!"

ಒಳಗೆ ಎಸಿ ಇತ್ತು, ನನಗೆ ಬೆವರಿತ್ತು. ಉದ್ದನೆಯ ಟೇಬಲ್ಲಿನ ಒಂದು ತುದಿಗೆ ಹಿರಿಯರಾದ ಡಾಕ್ಟರ್ ಬಸವಲಿಂಗ ಸಾಹೇಬರು. ಬಾಜೂಕೆ ಮೂಡಲಗಿ ದವಾಖಾನೆ ನೋಡಿಕೊಳ್ಳುವ ಡಾಕ್ಟರ್ ಸ್ವಪ್ನಿಲ್. ಇನ್ನೊಂದು ತುದಿಗೆ ಪೂನಮ್ ಒಬ್ಬಳೇ ನಿಂತಿದ್ದಳು. ಕಿವಿಯ ಮೇಲೆ ಪೆನ್ನಿರಲಿಲ್ಲ.

"ಸರ, ಈ ವಾರದ ಚೀಟಿ ನೋಡ್ರಿ," ಎಂದು ಸ್ವಪ್ನಿಲ್ ಡಾಕ್ಟರು ಕೈ ಬೀಸಿದರು. "ವ್ಯಾನ್ ತುಂಬಿ ತುಳಕಾಕತ್ತೇತಿ. ಈಕಿ ಬಂದ್ ಮಾಡ್ರಿ ಅಂತಾಳ. ನಾನಂತೂ ಇನ್ನೊಂದು ವ್ಯಾನ್ ತಗೊಳ್ರಿ ಅಂತೇನಿ. ಇಂಥಾ ರಿಪೋರ್ಟ್ ನಂಬಿದ್ರ ನಮ್ಮ ದವಾಖಾನಿ ಮುಳಗ್ತೈತಿ."

"ಆ ಚೀಟಿ ಖರೆ ಬ್ಯಾನಿಯವ್ರದಲ್ಲ ಸರ," ಎಂದಳು ಪೂನಮ್. ನನ್ನ ಹೆಸರು ಎತ್ತಲಿಲ್ಲ. ನಾನೇ ಕರೆತಂದೆ ಎಂದು ನಂಬಿದ್ದಳು, ಆದರೂ ಎತ್ತಲಿಲ್ಲ.

ಬಸವಲಿಂಗ ಸಾಹೇಬರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ಏ ಲಖನಾ, ದಿನಾ ಮಂದೀನ ನೋಡಾಂವ ನೀನು. ನಿನ್ನ ಗಾಡಿಯೊಳಗ ಖರೆ ಬ್ಯಾನಿಯವ್ರು ಎಷ್ಟ ಮಂದಿ ಬರ್ತಾರಪಾ?"

ಇಪ್ಪತ್ತು ಎಂದರೆ ಸಾಕಿತ್ತು. ಇಪ್ಪತ್ತು ನನ್ನ ನಾಲಗೆಗೆ ಏನೂ ಭಾರವಲ್ಲ, ಎಳೆ ಕೂಸನ್ನು ಎತ್ತಿಕೊಂಡಷ್ಟು ಹಗುರ. ಇಪ್ಪತ್ತು ಎಂದರೆ ವ್ಯಾನು ಉಳಿಯುತ್ತದೆ, ಪಗಾರ ಉಳಿಯುತ್ತದೆ, ಮೇಲೆ ಇನ್ನೊಂದು ವ್ಯಾನೂ ಬರುತ್ತದೆ.

ಪೂನಮ್ ನನ್ನನ್ನು ನೋಡುತ್ತಿರಲಿಲ್ಲ. ಟೇಬಲ್ಲಿನ ಅಂಚನ್ನು ಹಿಡಿದ ಅವಳ ಬೆರಳ ತುದಿ ಬೆಳ್ಳಗಾಗಿತ್ತು. ನನ್ನ ಬಾಯಿಂದ ಏನು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದಳು.

"ಮೂರ ಮಂದಿ ರಿ," ಎಂದೆ.

"ಎಷ್ಟು?"

"ಮೂರು. ಒಂದೊಂದ ದಿನ ನಾಕು. ಈ ವಾರ ಬಂದವ್ರು ಎಲ್ಲಾರೂ ಗಟ್ಟಿಮುಟ್ಟ ಅದಾರ್ರಿ. ನನ್ನ ಮ್ಯಾಲಿನ ಪ್ರೀತಿಗೆ ಕೆಮ್ಮಿದ್ರು. ನಾ ಕರೀಲಿಲ್ಲ, ಆದ್ರ ಬಾಯಿ ಬಿಟ್ಟಾಂವ ನಾನ. ಅವ್ರ ಫೀ ತಿರಗಿ ಕೊಟ್ಟಬಿಡ್ರಿ."

ಸ್ವಪ್ನಿಲ್ ಡಾಕ್ಟರು ಎದ್ದು ನಿಂತರು. "ಏಯ್, ಯಾರ ಹೇಳಿಕೊಟ್ರು ಇದನ್ನ? ಊರಿಗೆಲ್ಲಾ ಸುಳ್ಳ ಹೇಳಾಂವ ನೀನು!"

"ಸಾಹೇಬ್ರ, ನಾನು ಸುಳ್ಳ ಹೇಳೋದಿದ್ರ ಮೂರು ಅಂತಿದ್ನೇನ್ರಿ? ಮುನ್ನೂರ ಅಂತಿದ್ದೆ."

ಯಾರೋ ಫಕ್ಕನೆ ನಕ್ಕರು. ಬಸವಲಿಂಗ ಸಾಹೇಬರು ನಗಲಿಲ್ಲ. ಪೂನಮ್‌ಳ ರಿಪೋರ್ಟನ್ನು ತಮ್ಮ ಕಡೆ ಎಳೆದುಕೊಂಡರು. "ಕುಂದ್ರವಾ," ಎಂದರು ಅವಳಿಗೆ. "ಮುಂದಿಂದು ಓದು."

ವ್ಯಾನಿನ ಕೀಲಿ ಟೇಬಲ್ಲಿನ ಮೇಲಿಟ್ಟು ಹೊರಗೆ ಬಂದೆ. ಬಾಗಿಲು ಮುಚ್ಚುವಾಗ ಅವಳ ದನಿ ಕೇಳಿಸಿತು. ವ್ಯಾನಿನ ಬದಲಿಗೆ ವಾರಕ್ಕೆ ಎರಡು ದಿನ ಡಾಕ್ಟರೇ ತುಕ್ಕಾನಟ್ಟಿಗೆ ಹೋಗಿ ಕುಳಿತುಕೊಳ್ಳಲಿ ಎಂದು ಓದುತ್ತಿದ್ದಳು. ಆ ಮೂರು ಮಂದಿಯನ್ನು ಅವಳು ಮರೆತಿರಲಿಲ್ಲ. ಅವರ ಗತಿ ಏನು ಎಂದು ನಾನು ಕೇಳಿರಲೇ ಇಲ್ಲ.

ಕೆಳಗೆ ನಿಂತು ವ್ಯಾನಿನ ಬಾನೆಟ್ಟು ಸವರಿದೆ. ಹತ್ತು ಲಕ್ಷ ಮಂದಿಯನ್ನು ಹೊತ್ತ ಗಾಡಿ ಅದು. ಸರಿ, ಅಷ್ಟಿರಲಿಕ್ಕಿಲ್ಲ.

ಹಿಂದೆ ಚಪ್ಪಲಿಯ ಸಪ್ಪಳ ಕೇಳಿಸಿತು. ಪೂನಮ್ ಓಡಿ ಬಂದಿದ್ದಳು.

"ಕಾಯಂ ಮಾಡಿದ್ರು," ಎಂದಳು. "ವ್ಯಾನ್ ಬಂದ್."

"ಚಲೋ ಆತು ಬಿಡ್ರಿ."

"ಏನ್ ಚಲೋ? ನಿಮ್ಮ ಕೆಲಸ ಹೋತು. ಇಪ್ಪತ್ತ ಅಂದಿದ್ರ ಉಳೀತಿತ್ತು. ಯಾಕ ಅನ್ಲಿಲ್ಲ?"

ಇಲ್ಲಿ ನಾನೊಂದು ದೊಡ್ಡ ಮಾತು ಹೇಳಬೇಕಿತ್ತು. ಚಂದ್ರ, ಸೂರ್ಯ, ಗೋಕಾಕ ಫಾಲ್ಸು, ಎಲ್ಲವನ್ನೂ ಎಳೆದು ತರಬೇಕಿತ್ತು. ಒಂದೂ ಬರಲಿಲ್ಲ.

"ನೀವು ಕಡೀ ಸೀಟಿಗೆ ಹೋಗಿ ಕುಂತ್ರಿ," ಎಂದೆ. "ನನಗ ಸೇರಲಿಲ್ಲ."

ಅವಳು ಕಿಟಕಿ ಹುಡುಕುವವಳಂತೆ ಆ ಕಡೆ ಈ ಕಡೆ ನೋಡಿದಳು. ಅಂಗಳದಲ್ಲಿ ಕಿಟಕಿ ಎಲ್ಲಿಂದ ಬರಬೇಕು? ಮುಖ ನನ್ನ ಎದುರಿಗೇ ಉಳಿಯಿತು. ಕಣ್ಣಲ್ಲಿ ನೀರಿತ್ತು, ತುಟಿಯ ಮೂಲೆಯಲ್ಲಿ ಇನ್ನೊಂದು ಏನೋ ಇತ್ತು.

"ನಂಬಲಿಲ್ಲ ನಾನು ನಿನ್ನ," ಎಂದಳು. 'ನೀವು' ಎನ್ನುವುದು ಎಲ್ಲೋ ಮೆಟ್ಟಿಲ ಮೇಲೆ ಬಿದ್ದುಹೋಗಿತ್ತು. "ಇನ್ನ ಮುಂದ ಕಬ್ಬಿನ ಟ್ರ್ಯಾಕ್ಟರೇನ?"

"ಹೂಂ. ಅದರಾಗ ಮೊದಲನೇ ಸೀಟ ಇರಂಗಿಲ್ಲ."

"ಹಂಗಾರ ಹುಕ್ಕೇರಿಗೆ ಬಾ. ನಮ್ಮ ಮನಿಗೆ. ನಾಳಿ ಐತವಾರ. ಅವ್ವ, ಅಪ್ಪ ಇರ್ತಾರ."

"ಯಾಕ? ಏನಂತ ಬರ್ಲಿ?"

"ಮಾತಾಡ್ಸಾಕ. ನಿಮ್ಮ ಮಂದಿ ಬರಂಗಿಲ್ಲೇನ, ಬ್ರೆಡ್ ಹಿಡ್ಕೊಂಡ? ಮನ್ಯಾಗ ಒಬ್ಬರಿಗೆ ಆರಾಮಿಲ್ಲ."

"ಅಯ್ಯ! ಯಾರಿಗೆ?"

"ನನಗ. ಜ್ವರ."

ವಿಮಾನದ ಕಥೆಗೆ ಅವಳು ಕೇಳಿದ್ದಂಥ ಮಾತನ್ನು ಅವತ್ತು ನಾನು ಕೇಳಿದೆ. "ಎಷ್ಟು?"

ಪೂನಮ್ ಬ್ಯಾಗಿನಿಂದ ಪೆನ್ನು ತೆಗೆದು ನಿಧಾನವಾಗಿ ಕಿವಿಯ ಮೇಲಿಟ್ಟುಕೊಂಡಳು.

"ತೊಂಬತ್ತೆಂಟು ಪಾಯಿಂಟ್ ಆರು," ಎಂದಳು. ಒಂದು ರೆಪ್ಪೆಯೂ ಅಲುಗಲಿಲ್ಲ.

ದವಾಖಾನೆಯ ಗಾಡಿ ಓಡಿಸಿದವನಿಗೆ ಅಷ್ಟು ಗೊತ್ತಿರುವುದಿಲ್ಲವೇ? ಅದು ಜ್ವರವೇ ಅಲ್ಲ, ಆರಾಮ ಇರುವ ಪ್ರತಿಯೊಬ್ಬರ ಮೈಶಾಖ. ಪೂನಮ್ ಹೇಳಿದ ಮೊದಲ ಸುಳ್ಳು ಅದು. ಅದನ್ನೂ ಪಾಯಿಂಟ್ ಸಹಿತ ಹೇಳಿದಳು.

"ಭಾಳ ಆತಲ್ಲ," ಎಂದೆ. "ಬ್ರೆಡ್‌ನಾಗ ಇಳಿಯೋದಲ್ಲ ಇದು. ಗೋಕಾಕದ ಕರದಂಟ ತರ್ತೇನಿ."

ಕಿವಿಯ ಮೇಲಿನ ಪೆನ್ನು ಅಲುಗತೊಡಗಿತು.