ಶಾಂತಪ್ಪ ಕಟ್ಟಿದ ಗೋಡೆ

ಬುಧವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಮಹಾದೇವಿ, ಎಫ್‌ಐಆರ್ ಬರೆದುಕೊಳ್ಳುವ ತನಕ ಬೆಂಚು ಬಿಟ್ಟು ಏಳುವುದಿಲ್ಲವೆಂದು ಕೂತುಬಿಟ್ಟಳು. ಹಿಂದಿನ ದಿನ ನಸುಕಿನಲ್ಲಿ ಅವಳ ತಾಯಿ ದೇವಕ್ಕ ಮನೆಯ ಗೋಡೆ ಬಿದ್ದು ಸತ್ತಿದ್ದಳು. ಠಾಣೆಯವರು ಆಕಸ್ಮಿಕ ಸಾವು ಎಂದು ದಾಖಲಿಸಿ ಕೈ ತೊಳೆದುಕೊಂಡಿದ್ದರು. ಚಂಡಮಾರುತ ಬಂದುಹೋದ ವಾರ; ಬಾಂದ್ರಾದ ಆಚೆಯ ಕಡಲಂಚಿನ ವಸ್ತಿಯಲ್ಲಿ ಗೋಡೆ ಬಿದ್ದರೆ ಯಾರಿಗೆ ತಾನೇ ಸೋಜಿಗ?

"ಗಾಳಿಗೆ ಬಿದ್ದದ್ದಲ್ರಿ ಬಾಯಾರ, ಯಾರೋ ಕೆಡವ್ಯಾರ. ನಮ್ಮವರು ಕಟ್ಟಿದ ಗ್ವಾಡಿ ತಾನಾಗಿ ಬೀಳೂದಿಲ್ಲ."

ಇನ್‌ಸ್ಪೆಕ್ಟರ್ ವಿನೋದಿನಿ ಮೈಸೂರು ಕಡೆಯವರ ಮಗಳು, ಪರೇಲಿನ ಚಾಳಿನಲ್ಲಿ ಬೆಳೆದವಳು. ದುಃಖದಲ್ಲಿದ್ದವರು ಯಾರ ಮೇಲಾದರೂ ತಪ್ಪು ಹೊರಿಸಲು ನೋಡುವುದು ಅವಳಿಗೆ ಹೊಸದಲ್ಲ. ಆದರೆ ಗಂಡನ ಕೈಕೆಲಸವನ್ನು ಇಷ್ಟು ನಂಬಿದ ಹೆಂಗಸನ್ನು ಅವಳು ಠಾಣೆಯಲ್ಲಿ ಕಂಡದ್ದು ಕಡಿಮೆ.

"ಯಾರ ಮೇಲಾದ್ರೂ ಡೌಟ್ ಇದೆಯಾ?"

"ಇಲ್ರಿ."

"ನಿಮ್ಮ ಯಜಮಾನರು ಏನಂತಾರೆ?"

"ಆದದ್ದಾತು, ಬಿಡು ಅಂತಾರ. ಅವ್ವ ಸತ್ತಾಗಿಂದ ಬಾಯಿ ಬಿಚ್ಚವಲ್ಲರು."

ಫಿರ್ಯಾದು ಬರೆದುಕೊಂಡ ವಿನೋದಿನಿ ಹವಾಲ್ದಾರ್ ಈಶ್ವರನೊಂದಿಗೆ ಜೀಪು ಹತ್ತಿದಳು. ಅಕ್ಕಲಕೋಟೆ ಕಡೆಯ ಈಶ್ವರನಿಗೆ ಈ ವಸ್ತಿಯ ಜನರ ಮಾತು ಅವಳಿಗಿಂತ ಚೆನ್ನಾಗಿ ತಿಳಿಯುತ್ತಿತ್ತು.

ಸಾಲಿನ ಮನೆಗಳೆಲ್ಲ ನೆಲ ಕಚ್ಚಿದ್ದವು. ಮನೆಹಾನಿಯ ಪಂಚನಾಮೆ ಮಾಡಿದ್ದ ಕಂದಾಯ ಇಲಾಖೆಯ ತಲಾಠಿ ಸಾಧನಾ ಅಲ್ಲೇ ಸಿಕ್ಕಳು. ಬಿಸಿಲಿನಲ್ಲಿ ಮನೆಯಿಂದ ಮನೆಗೆ ತಿರುಗಿ ಅವಳ ಮುಖ ಬಾಡಿತ್ತು. ಸೋಮವಾರ ಮಧ್ಯಾಹ್ನ ಈ ಸಾಲಿನಲ್ಲಿ ನಿಂತಿದ್ದದ್ದು ಮಹಾದೇವಿಯ ಗಂಡ ಶಾಂತಪ್ಪನ ಮನೆಯೊಂದೇ ಎಂದು ಮರಾಠಿಯಲ್ಲಿ ಹೇಳಿದಳು. ಮಾಡಿನ ತಗಡು, ಅವಳ ಮಾತಿನಲ್ಲಿ ಪತ್ರಾ, ಹಾರಿಹೋಗಿತ್ತು; ಗೋಡೆಯಲ್ಲಿ ಒಂದು ಬಿರುಕೂ ಇರಲಿಲ್ಲ. ಹಾಗಾಗಿ ಭಾಗಶಃ ಹಾನಿ ಎಂದು ಬರೆದಿದ್ದಳು.

"ಬಾಕಿಯವರಿಗೆ?"

"ಪೂರ್ತಿ ಬಿದ್ದವರಿಗೆ ಕಡಲಿಂದ ದೂರ, ಸರ್ಕಾರದ ಬಿಲ್ಡಿಂಗಿನಲ್ಲಿ ಇರಲು ಒಂದು ಖೋಲಿ. ಇವರಿಗೆ ಬರೀ ಪತ್ರಾ."

ಇಬ್ಬರು ಪಂಚರ ಎದುರು ಈಶ್ವರ ಇಟ್ಟಿಗೆಗಳನ್ನು ಒಂದೊಂದಾಗಿ ಸರಿಸಿದ. ಬಾಗಿಲ ಬದಿಯ ಗೋಡೆಯ ಬುಡದ ಸಾಲಿನಿಂದ ಇಟ್ಟಿಗೆಗಳನ್ನು ಯಾರೋ ಹಾರೆ ಹಾಕಿ, ಒಡೆಯದಂತೆ ಬಿಡಿಸಿ ಪಕ್ಕಕ್ಕಿಟ್ಟಿದ್ದರು. ಉಳಿದ ಒಂದು ಇಟ್ಟಿಗೆಯ ಮೇಲೆ ಹಳದಿ ಪುಡಿ ಮೆತ್ತಿತ್ತು. ಈಶ್ವರ ಬೆರಳಿಗೆ ಹಚ್ಚಿ ಮೂಸಿದ.

"ಭಂಡಾರ, ಮ್ಯಾಡಮ್. ದೇವರ ಅರಿಷಿಣ."

ಮಳೆ ನಿಂತದ್ದು ಭಾನುವಾರ ರಾತ್ರಿ. ಮೇಲೆ ಪತ್ರಾ ಇಲ್ಲದ ಮನೆಯಲ್ಲಿ ಅದಕ್ಕೆ ಮೊದಲು ಹಚ್ಚಿದ ಭಂಡಾರ ಉಳಿಯುತ್ತಿರಲಿಲ್ಲ. ವಿನೋದಿನಿ ಇಟ್ಟಿಗೆಯ ಫೋಟೊ ತೆಗೆಸಿ, ಪಂಚರ ಸಹಿ ಹಾಕಿಸಿ ಜಪ್ತಿ ಮಾಡಿದಳು. ಮನೆ ಕೆಡವಲು ಬಂದ ವೈರಿ ಮನೆಗೆ ಪೂಜೆ ಯಾಕೆ ಮಾಡಿದ ಎಂಬುದು ಅವಳಿಗೆ ಬಗೆಹರಿಯಲಿಲ್ಲ.

ಮನೆ ಕಳೆದುಕೊಂಡವರೂ ಪತ್ರಾ ಹಾರಿಹೋದ ಶಾಂತಪ್ಪನ ಮನೆಯವರೂ ಚಂಡಮಾರುತದ ದಿನದಿಂದ ಮುನ್ಸಿಪಲ್ ಶಾಲೆಯಲ್ಲಿದ್ದರು. ಮಹಾದೇವಿಯ ಸೆರಗು ಹಿಡಿದುಕೊಂಡು ಎಂಟು ವರ್ಷದ ಮಗಳು ಯಕ್ಷಿತಾ ನಿಂತಿದ್ದಳು. ವಿನೋದಿನಿ ಹೆಸರು ಕೇಳಿದರೂ ಅವಳು ತುಟಿ ಬಿಚ್ಚಲಿಲ್ಲ.

"ತಾಯಿ ಅಷ್ಟು ಬೆಳಿಗ್ಗೆ ಅಲ್ಲಿಗೆ ಯಾಕೆ ಹೋಗಿದ್ರು?"

"ಹೊಸ್ತಲಾ ತೊಳ್ಯಾಕ್ರಿ. ಮನಿ ನಿಂತೈತಿ ಅಂದಮ್ಯಾಲೆ ಹೊಸ್ತಲಾ ಹಂಗ ಬಿಡಬಾರದು ಅಂತಿದ್ಲು. ಯಾರಿಗೂ ಹೇಳದ ಹೋಗ್ಯಾಳ."

"ಗೋಡೆ ಬುಡಕ್ಕೆ ಭಂಡಾರ ಹಚ್ಚಿದ್ದು ಅವರೇನಾ?"

"ಆಕಿ ಯಾಕ ಹಚ್ಚತಾಳ್ರಿ? ಅದು ಗ್ವಾಡಿ ಕಟ್ಟೂ ಗೌಂಡಿಗಳ ರೀತಿ. ನಿಂತ ಗ್ವಾಡಿಗೆ ಹಾರಿ ಹಾಕೂ ಮುಂದ ಭಂಡಾರ ಹಚ್ಚಿ, ತಪ್ಪಾತು ಅಂತ ಕೈ ಮುಗೀತಾರ. ನಮ್ಮವರಂತೂ ಅದಿಲ್ಲದ..."

ಮಾತು ಅಲ್ಲಿಗೇ ನಿಂತಿತು. ಮಹಾದೇವಿ ಮಗಳನ್ನು ಎಳೆದು ಅಪ್ಪಿಕೊಂಡಳು. ಈ ಪ್ರಶ್ನೆಯನ್ನು ಬೇರೆ ಯಾರನ್ನಾದರೂ ಕೇಳಬಹುದಿತ್ತು ಎಂದು ವಿನೋದಿನಿಗೆ ಅನಿಸಿತು.

ಶಾಂತಪ್ಪ ಶಾಲೆಯ ಹಿಂದೆ ನಲ್ಲಿಯ ಹತ್ತಿರ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ. ಓಡಿಹೋಗುವ ಮನಸ್ಸು ಅವನಿಗಿರಲಿಲ್ಲ.

"ಇಟ್ಟಿಗೆ ಬಿಡಿಸಿದ್ದು ನೀವಾ?"

"ಹೌದ್ರಿ."

"ಯಾವಾಗ?"

"ಸೋಮವಾರ ಸಂಜಿಗೆ. ಎಲ್ಲಾರೂ ಸಾಲ್ಯಾಗ ಊಟಕ್ಕ ಕುಂತಿದ್ರು."

"ಯಾಕೆ?"

"ಓಣಿ ಮಂದಿಯೆಲ್ಲಾ ಬಿಲ್ಡಿಂಗಿಗೆ ಹೊಂಟ್ರು. ನಾವು ಮೂರು ಮತ್ತೊಂದು ಮಂದಿ ಸಮುದ್ರದ ಬಾಯಾಗ ಉಳೀತಿದ್ವಿ. ಗಾಳಿ-ಮಳಿ ಆದ ದಿನ ನೀರು ಮಗಳ ಎದಿಮಟ ಬಂದಿತ್ತು. ಆಗಿಂದ ಆಕಿ ಮಾತಾಡವಲ್ಲಳ್ರಿ. ಮನಿ ಬಿದ್ರ ಪಂಚನಾಮಿ ತಿದ್ದಿ ನಮಗೂ ಖೋಲಿ ಬರೀತಾರ ಅನ್ಕೊಂಡ್ನಿ."

"ಅತ್ತೆ ಅಲ್ಲಿಗೆ ಹೋಗೋದು ಗೊತ್ತಿತ್ತಾ?"

ಶಾಂತಪ್ಪ ಇಲ್ಲವೆಂದು ತಲೆಯಾಡಿಸಿದ. "ಬುಡ ಬಿಡಿಸೀನಿ, ರಾತ್ರಿ ಗಾಳಿಗೆ ಬೀಳತೈತಿ ಅಂತ ಇದ್ನಿ. ಬೀಳಲಿಲ್ರಿ. ಅಷ್ಟು ಗಟ್ಟಿ ಕಟ್ಟಿದ್ನಿ. ನಮ್ಮತ್ತಿ ಹೋಗೂ ತನಕಾ ನಿಂತಿತ್ತದು."

ಸಂಜೆ ನಾಲ್ಕೂವರೆಗೆ ಅವನನ್ನು ಬಂಧಿಸಲಾಯಿತು. ಬಂಧನದ ಸುದ್ದಿ ಮನೆಯವರಲ್ಲಿ ಯಾರಿಗೆ ತಿಳಿಸಬೇಕೆಂದು ಕೇಳಿದಾಗ ಅವನು ಹೆಂಡತಿಯ ಹೆಸರು ಹೇಳಿದ. ಹೇಳಲು ಬೇರೆ ಯಾರೂ ಇರಲಿಲ್ಲ. ಫಿರ್ಯಾದು ಕೊಟ್ಟವಳೂ ಆ ಮಹಾದೇವಿಯೇ; ಮತ್ತೆ ಠಾಣೆಗೆ ಬಂದು, ಬೆಳಿಗ್ಗೆ ಕೂತಿದ್ದ ಬೆಂಚಿನ ಮೇಲೆ ಮಗಳನ್ನು ಮಲಗಿಸಿಕೊಂಡು ಕೂತಿದ್ದಳು.

ಮಗಳನ್ನು ಕಡಲಿಂದ ಪಾರು ಮಾಡಲು ಹೊರಟ ಮನುಷ್ಯ ಅತ್ತೆಯನ್ನು ಕೊಂದುಬಿಟ್ಟಿದ್ದ. ಅದನ್ನು ಹೇಗೆ ಹೇಳುವುದೆಂದು ವಿನೋದಿನಿಗೆ ಕನ್ನಡದಲ್ಲೂ ಹೊಳೆಯಲಿಲ್ಲ, ಮರಾಠಿಯಲ್ಲೂ ಹೊಳೆಯಲಿಲ್ಲ. ಕಡೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮಹಾದೇವಿ ಅಳಲಿಲ್ಲ. ಫಿರ್ಯಾದು ಹಿಂದಕ್ಕೆ ಕೊಡಿ ಎಂದೂ ಕೇಳಲಿಲ್ಲ.

"ಅವ್ವ ಅಲ್ಲಿಗೆ ಹೋಗತಾಳಂತ ಅವರಿಗೆ ಗೊತ್ತಿತ್ತೇನ್ರಿ?"

"ಇಲ್ಲ."

ಅವಳು ಮಗಳ ತಲೆಯನ್ನು ತೊಡೆಯ ಮೇಲೆ ಸರಿಪಡಿಸಿಕೊಂಡಳು.

"ಹಂಗಾದ್ರ ಅದನ್ನೂ ಬರ್ಕೋರಿ, ಬಾಯಾರ."