ಒಂಬತ್ತು ಹಿಡಿ

ಅಂದು ಬೆಳಿಗ್ಗೆ ನೀಲಗಂಗಾ ತನ್ನ ದಿನಚರಿಯಲ್ಲಿ ಬರೆದುಕೊಂಡದ್ದು ಎರಡೇ ಸಾಲು. “ಇವತ್ತು ಒಂಬತ್ತನೆಯ ಅಧ್ಯಾಯ ಪಾದಪೀಠಕ್ಕೆ ಬರುತ್ತದೆ. ಓದುಗರ ಕಾಲ್ಬೆರಳು ಮಡಚಿದರೂ ನನಗೆ ಸಂಕಟ, ಮಡಚದಿದ್ದರೂ ಸಂಕಟ.” ಆ ಅಧ್ಯಾಯ ತನ್ನದೆಂದು ಅವಳು ಯಾರಿಗೂ ಹೇಳಿರಲಿಲ್ಲ. ದಿನಚರಿಯಲ್ಲಿ ಬರೆಯುವಾಗಲೂ ಅಂಗೈಯಿಂದ ಮರೆಮಾಡಿಕೊಂಡೇ ಬರೆದಿದ್ದಳು.

“ಮಾರಿ ಯಾಕ ಸಣ್ಣದಾಗೇತಿ ಯವ್ವಾ?” ಎಂದು ಅಪ್ಪ ಚನ್ನವೀರಪ್ಪ ಕೇಳಿದರು.

“ಏನಿಲ್ಲಪ್ಪ,” ಎಂದು ಹೊರಟವಳು ಬುತ್ತಿ ಮರೆತು ಬಂದಳು.

ಹತ್ತೂವರೆಯ ಹೊತ್ತಿಗೆ ಹುಬ್ಬಳ್ಳಿಯ ಮುದಗಲ್ಲರ ಪ್ರಕಾಶನ ಸಂಸ್ಥೆಯ ಮೊದಲ ಮಹಡಿಯಲ್ಲಿ ಹನ್ನೆರಡು ಓದುಗರು ಸಾಲಾಗಿ ಕೂತಿದ್ದರು. ಚಪ್ಪಲಿ ಬಿಟ್ಟು, ಕಾಲು ತೊಳೆದು ಒರೆಸಿ, ಮೆತ್ತನೆಯ ರಬ್ಬರಿನ ಪಾದಪೀಠದೊಳಗೆ ಪಾದಗಳನ್ನಿಟ್ಟಿದ್ದರು. ಕೈಯಲ್ಲಿ ಹಸ್ತಪ್ರತಿ ತೋರಿಸುವ ಫಲಕ. ಎದುರಿನ ಗೋಡೆಯ ಪರದೆಯಲ್ಲಿ ಹನ್ನೆರಡು ಹಸಿರು ಗೆರೆಗಳು ಓಡುತ್ತಿದ್ದವು. ಆ ಗೆರೆಗಳನ್ನು ನೋಡಿಕೊಳ್ಳುವುದೇ ನೀಲಗಂಗಾಳ ಉದ್ಯೋಗ. ಮಾತಾಡಬೇಕಾಗಿಲ್ಲದ ಕೆಲಸವೆಂದೇ ಎಂ.ಎ. ಮುಗಿಸಿದ ಮೇಲೆ ಅದನ್ನು ಹಿಡಿದಿದ್ದಳು.

ಯಂತ್ರದ ಹೆಸರು ಸಂಕೋಚಮಾಪಕ. ಡಾ. ಮಂದಾಕಿನಿ ಗಲಗಲಿಯವರು ಅದನ್ನು ಮೊದಲು ಮಾಡಿದ್ದು ಲಕ್ವಾ ಹೊಡೆದವರ ಕಾಲಿಗಾಗಿ. ಬೆರಳಿನ ಸಣ್ಣ ಸ್ನಾಯುಗಳು ಎಷ್ಟು ಕುಗ್ಗುತ್ತವೆ, ಎಷ್ಟು ಬೇಗ ಸಡಿಲವಾಗುತ್ತವೆ ಎಂದು ಅಳೆಯುವ ಸಾಧನ. ಒಮ್ಮೆ ಒಬ್ಬ ಅಜ್ಜಿ ಪಾದಪೀಠದಲ್ಲಿ ಕಾಲಿಟ್ಟುಕೊಂಡೇ ಪತ್ರಿಕೆಯ ಪ್ರೇಮಕತೆ ಓದುತ್ತಿದ್ದಾಗ ಸ್ವಸ್ಥವಾಗಿದ್ದ ಕಾಲಿನ ಐದೂ ಬೆರಳು ಒಟ್ಟಿಗೆ ಮಡಚಿಕೊಂಡವು. ಏನಾಯಿತೆಂದು ಕೇಳಿದರೆ ಆಕೆ, “ಆ ಹುಡುಗ ಹುಡುಗೀ ಮುಂದ ಕವನಾ ಓದಾಕ ನಿಂತನ್ರಿ. ನನಗ ಮೈ ಹಿಡಿಯಾತು,” ಅಂದರು. ಅಳತೆಯ ಹೆಸರು ಅಲ್ಲಿಂದಲೇ ಬಂತು: ಹಿಡಿ. ವಿಜ್ಞಾನದ ಪುಸ್ತಕದಲ್ಲಿ ಸಂಕೋಚವೆಂದರೆ ಕುಗ್ಗುವುದು, ಕಾದ ಕಬ್ಬಿಣ ತಣಿದಾಗ ಆಗುವಂಥದು. ಮನೆಯಲ್ಲಿ ಸಂಕೋಚವೆಂದರೆ ಬಂದವರೆದುರು ಚಹಾದ ತಟ್ಟೆ ಹಿಡಿದು ನಿಂತಾಗ ಆಗುವಂಥದು. ಒಂದೇ ಪದ ಎರಡೂ ಕೆಲಸ ಮಾಡುವ ಭಾಷೆಯಲ್ಲಿ ಆ ಯಂತ್ರಕ್ಕೆ ಬೇರೆ ಹೆಸರು ಬೇಕಾಗಲಿಲ್ಲ.

ಇದೆಲ್ಲ ಎಂಟು ವರ್ಷಗಳ ಹಿಂದಿನ ಮಾತು. ಈಗ, ಎರಡು ಸಾವಿರದ ಅರವತ್ತೊಂದರಲ್ಲಿ, ಪಾದಪೀಠಕ್ಕೆ ಬಾರದ ಕತೆ ಅಚ್ಚಾಗುತ್ತಲೇ ಇರಲಿಲ್ಲ. ನಾಲ್ಕು ಹಿಡಿ ದಾಟಿದ ಪುಟ ತಾನಾಗಿಯೇ ‘ನಯಗಾರ’ ಎಂಬ ತಂತ್ರಾಂಶಕ್ಕೆ ಹೋಗಿ, ನುಣುಪಾಗಿ ಹಿಂತಿರುಗುತ್ತಿತ್ತು. ಆರಂಭದಲ್ಲಿ ನೀಲಗಂಗಾಳಿಗೂ ಖುಷಿಯಾಗಿತ್ತು. ಮಳೆಯಲ್ಲಿ ನಿಂತು ಎರಡು ಪುಟ ಭಾಷಣ ಮಾಡುವ ನಾಯಕರು ಹೋದರು. ಸಾಯುತ್ತಾ ಉಪದೇಶ ಕೊಡುವ ಮಾವಂದಿರು ಹೋದರು. ಯಾರು ಬೇಡವೆನ್ನುತ್ತಾರೆ?

ಆದರೆ ಹೋದವರು ಅವರಷ್ಟೇ ಅಲ್ಲ. ಕಳೆದ ಜನವರಿಯಲ್ಲಿ ಒಂದು ಸಭೆಯಲ್ಲಿ ಹಾಡುವಾಕೆ ಎರಡನೆಯ ಚರಣ ಮರೆತಳು. ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದಳು. ತೆರೆಯುವಷ್ಟರಲ್ಲಿ ಅರ್ಧ ಸಭೆ ಎದ್ದುಹೋಗಿತ್ತು. ಯಾರೂ ಬೈಯಲಿಲ್ಲ, ಶಿಳ್ಳೆ ಹಾಕಲಿಲ್ಲ. ನುಣುಪು ಕತೆಗಳನ್ನೇ ಓದಿ, ಇನ್ನೊಬ್ಬರ ಪೇಚನ್ನು ನೋಡುತ್ತಾ ಕೂರುವ ರೂಢಿಯೇ ಅವರಿಗೆ ತಪ್ಪಿಹೋಗಿತ್ತು, ಅಷ್ಟೇ. ನೀಲಗಂಗಾ ಆ ದಿನವೇ ಬರೆಯಲು ಕೂತಿದ್ದಳು. ಶಾಂತಾ ನರಗುಂದ ಎಂಬ ಇಲ್ಲದ ಹೆಂಗಸಿನ ಹೆಸರಿನಲ್ಲಿ ಹಸ್ತಪ್ರತಿ ತನ್ನದೇ ಕಚೇರಿಗೆ ಕಳಿಸಿದ್ದಳು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಹನ್ನೆರಡೂ ಗೆರೆಗಳು ಒಟ್ಟಿಗೆ ಮೇಲೆದ್ದವು. ಐದು. ಏಳು. ಒಂಬತ್ತು ಮುಟ್ಟಿದವು. ಅಳತೆಪಟ್ಟಿ ಇದ್ದದ್ದೇ ಹತ್ತರವರೆಗೆ. ಪರದೆ ಕೆಂಪಾಯಿತು.

ಪ್ರಕಾಶಕ ವೀರೇಶ ಮುದಗಲ್ಲ ಬಾಗಿಲು ದೂಡಿಕೊಂಡು ಬಂದರು. “ಏನವಾ ಮೌನಗೌರಿ, ಯಾರ ಪುಸ್ತಕ ಇದು? ಮಂದೀ ಕಾಲ್ಬೆರಳು ಮುರಿಯೂ ಹಂಗ ಆಗ್ಯಾವಲ್ಲ.”

“ಶಾಂತಾ ನರಗುಂದ ಅವರದ್ರಿ ಸರ್.”

“ಆಕಿ ಕಡಿಂದ ಈ ಮಂದಿ ಕಾಲಿಗೆ ಎಣ್ಣಿ ಹಚ್ಚಸೋಣ.”

ಇಷ್ಟು ದೊಡ್ಡ ಅಂಕಿ ಎಂದೂ ಬಂದಿರಲಿಲ್ಲವಾದ್ದರಿಂದ ಮುದಗಲ್ಲರು ಧಾರವಾಡದಿಂದ ಡಾ. ಮಂದಾಕಿನಿಯವರನ್ನೂ ಕರೆಸಿದರು. ಒಂದು ಗಂಟೆಯೊಳಗೆ ಅವರೂ ಬಂದರು.

ಅಧ್ಯಾಯ ಸಣ್ಣದು. ಒಂದು ಶಾಲೆಯ ಅರವತ್ತನೆಯ ವರ್ಷದ ಸಮಾರಂಭ. ಮೂವತ್ತೊಂದು ವರ್ಷ ಗಂಟೆ ಬಾರಿಸಿದ ಈರಪ್ಪನೆಂಬ ಜವಾನ ಇಸ್ತ್ರಿಯ ಅಂಗಿ ತೊಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದಾನೆ. ನಿರೂಪಕ ಸನ್ಮಾನಿತರ ಹೆಸರು ಕೂಗುತ್ತಾನೆ. ಈರಪ್ಪ ಎದ್ದು ವೇದಿಕೆ ಹತ್ತಿ ತಲೆ ಬಾಗಿಸುತ್ತಾನೆ. ಶಾಲು ಹೊದಿಸುತ್ತಾರೆ, ಪೇಟ ಇಡುತ್ತಾರೆ, ಹಣ್ಣಿನ ಬುಟ್ಟಿ ಕೈಗೆ ಬರುತ್ತದೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅದೇ ಹೆಸರಿನ ಇನ್ನೊಬ್ಬರು, ಕಟ್ಟಡಕ್ಕೆ ದಾನ ಕೊಟ್ಟವರು, ಎದ್ದು ನಿಲ್ಲುತ್ತಾರೆ. ನಿರೂಪಕ ಮೈಕಿನಲ್ಲೇ “ಏ, ಇಂವ ಅಲ್ಲೋ, ದಾನಿ ಈರಪ್ಪನವರು” ಅನ್ನುತ್ತಾನೆ. ಈರಪ್ಪನ ಹೆಗಲಿನಿಂದ ಶಾಲು ತೆಗೆಯುತ್ತಾರೆ. ಪೇಟ ತೆಗೆಯುತ್ತಾರೆ. ಬುಟ್ಟಿಯನ್ನು ಅವನೇ ಕೊಟ್ಟುಬಿಡುತ್ತಾನೆ. ಯಾರೋ ನಕ್ಕರು. ಆಮೇಲೆ ಸಭೆಯೆಲ್ಲ ನಕ್ಕಿತು. ಈರಪ್ಪನೂ ನಕ್ಕ. ವೇದಿಕೆಯ ಅಂಚಿನಲ್ಲಿ ನಿಂತು, ಅದೇ ಶಾಲು ಇನ್ನೊಬ್ಬರ ಹೆಗಲೇರುವಾಗ ಚಪ್ಪಾಳೆ ತಟ್ಟಿದ.

ಕತೆಯಲ್ಲಿ ಮಾತ್ರ ಅವನ ಹೆಸರು ಈರಪ್ಪ. ಆ ದಿನದ ನಂತರ ಚನ್ನವೀರಪ್ಪ ಯಾವ ಸಮಾರಂಭದಲ್ಲೂ ಕುರ್ಚಿಯಲ್ಲಿ ಕೂತಿಲ್ಲ. ಬಾಗಿಲ ಬಳಿ ನಿಲ್ಲುತ್ತಾರೆ. ಆಗ ನೀಲಗಂಗಾಳಿಗೆ ಹನ್ನೊಂದು ವರ್ಷ.

ನಯಗಾರನಿಗೆ ಎರಡು ನಿಮಿಷ ಸಾಕಾಯಿತು. ಹೊಸ ಪುಟದಲ್ಲಿ ಹೆಸರಿನ ಗೊಂದಲವೇ ಇರಲಿಲ್ಲ. ಈರಪ್ಪನಿಗೆ ಶಾಲು ಹೊದಿಸಿದರು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಅವನ ಕಣ್ಣು ತುಂಬಿದವು. ಹನ್ನೆರಡು ಜನ ಓದಿದರು. ಅರ್ಧ ಹಿಡಿ. ಗೆರೆಗಳು ಮಲಗಿದವು.

“ನೋಡ್ರಿ, ಎಷ್ಟ್ ಛಂದ ಆತು,” ಎಂದರು ಮುದಗಲ್ಲ. “ನೀಲಗಂಗಾ, ಇದನ್ನ ಅಚ್ಚಿಗೆ ಕಳಿಸು.”

ಅವಳು ಕೈ ಅಲುಗಿಸಲಿಲ್ಲ. ಅಪ್ಪನಿಗೆ ಶಾಲು ವಾಪಸು ಬಂದಿತ್ತು. ಹದಿಮೂರು ವರ್ಷ ತಡವಾಗಿ, ಸುಳ್ಳಾಗಿ, ಅಂದು ಕಿತ್ತುಕೊಂಡವರು ಬೆರಳು ಚಾಚಿಕೊಂಡು ಆರಾಮವಾಗಿ ಓದಲೆಂದು. ನಿರೂಪಕ ಒಳ್ಳೆಯವನಾಗಿದ್ದ. ದಾನಿ ಮಾಯವಾಗಿದ್ದ. ಆ ಸಭೆಯ ಪ್ರತಿಯೊಬ್ಬನಿಗೂ ನಯಗಾರ ಒಂದೊಂದು ಶಾಲು ಹೊದಿಸಿತ್ತು. ಈ ಯಂತ್ರವನ್ನು ಎತ್ತಿ ಕಿಟಕಿಯಿಂದ ಎಸೆಯಬೇಕೆನ್ನಿಸಿತು. ಹಾಗೆನ್ನಿಸಿದ್ದು ಅವಳ ಬದುಕಿನಲ್ಲಿ ಅದೇ ಮೊದಲು.

“ಡಾಕ್ಟರ್,” ಎಂದಳು, ಬಲು ಮೆಲ್ಲಗೆ. “ಹಳೇ ಪುಟಾನ ಹನ್ನೊಂದು ಮಂದಿ ಹಿಂದ ತಿರುವಿ ಮತ್ತೊಮ್ಮೆ ಓದ್ಯಾರ್ರಿ. ಹೊಸದನ್ನ ಒಬ್ಬರೂ ಇಲ್ಲ.”

ಮಂದಾಕಿನಿ ಕನ್ನಡಕ ಏರಿಸಿಕೊಂಡು ನೋಡಿದರು. “ಖರೇನ ಐತಿ.”

“ಕೆಟ್ಟದಾಗಿ ಬರದಾಗೂ ಬೆರಳು ಮಡಚತಾವು. ಇದ್ದದ್ದ ಇದ್ದಂಗ ಬರದಾಗೂ ಮಡಚತಾವು. ಎರಡೂ ಒಂದ ಏನ್ರಿ?”

“ಯಂತ್ರಕ್ಕ ಒಂದನ ತಂಗಿ. ಕಾದ ಕಬ್ಬಿಣಾ ತಣದಾಗ ಯಾಕ ಕುಗ್ಗತೈತಿ ಅಂತ ಅದಕ್ಕ ಗೊತ್ತೈತಿ. ಮನಶಾ ಯಾರ ಸಲುವಾಗಿ ಕುಗ್ಗತಾನ ಅಂತ ಅದಕ್ಕ ಗೊತ್ತಿಲ್ಲ. ನಾ ಎಂದೂ ಕೇಳಲಿಲ್ಲ ಅದನ್ನ.” ಅವರು ಪರದೆಯತ್ತ ತಿರುಗಿದರು. “ನಾ ಕಾಲೇಜಿನ್ಯಾಗಿದ್ದಾಗ, ಮೂವತ್ತೈದು ವರ್ಷದ ಹಿಂದ, ಯಾರರ ವೇದಿಕೆ ಮ್ಯಾಲ ತಡವರಿಸಿದ್ರ ಮಂದಿ ತಲೀ ತಗ್ಗಿಸಿಕೊಂಡರ ಕೂಡತಿದ್ರು. ಎದ್ದು ಹೋಗತಿರಲಿಲ್ಲ. ಅದೂ ಒಂದು ಮರ್ಯಾದಿ ಅಂತ ಆಗ ಗೊತ್ತಾಗಲಿಲ್ಲ.”

ಹಾಗೆನ್ನುತ್ತ ಅವರು ಗೆರೆಗಳನ್ನು ದೊಡ್ಡದಾಗಿಸಿದರು. ಅವರ ಬೆರಳು ಒಂದು ಕಡೆ ನಿಂತಿತು. “ಇದೇನಿದು? ನಡುವ ಒಂದು ಕಡೆ ಹನ್ನೆರಡೂ ಮಂದೀದು ಒಮ್ಮಿಗೇ ಸಡಿಲ ಆಗೇತಿ. ಒಂಬತ್ತರಿಂದ ಮೂರಕ್ಕ ಇಳದು, ಆಮ್ಯಾಲ ಮತ್ತ ಏರೇತಿ. ಯಾವ ಸಾಲದು?”

ನೀಲಗಂಗಾ ಸಾಲನ್ನು ಹುಡುಕಬೇಕಾಗಿರಲಿಲ್ಲ. ಆದರೂ ಹುಡುಕಿದಂತೆ ಮಾಡಿ ಓದಿದಳು. “‘ಯಾರೋ ನಕ್ಕರು.’”

“ಹ್ಞಾಂ. ಯಾರೋ ಅಂದಕೂಡಲೇ ಓದೂವರಿಗೆ ಹಗುರಾತು. ನಾ ಅಲ್ಲ, ಯಾರೋ. ಬರದಾಕಿ ಅಲ್ಲೊಂದು ಬಾಗಲಾ ತೆಗದಿಟ್ಟಾಳ.”

ನೀಲಗಂಗಾಳ ಕಾಲ್ಬೆರಳು ಚಪ್ಪಲಿಯೊಳಗೆ ಮಡಚಿಕೊಂಡವು. ಅಷ್ಟು ಹೊತ್ತು ಯಂತ್ರದ ಮೇಲೆ ಉರಿಯುತ್ತಿದ್ದ ಸಿಟ್ಟು ಹೊರಳಿ ಅವಳ ಕಡೆಗೇ ನೋಡಿತು. ನಯಗಾರ ಪುಟವನ್ನು ಮುಟ್ಟುವ ಮೊದಲೇ ಅವಳು ಅದನ್ನು ಸವರಿದ್ದಳು. ಒಂದೇ ಒಂದು ಪದದಿಂದ.

ಸಾಲಿನ ತುದಿಯಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿ ತೋಟಗೇರರಿಗೆ ಈ ಚರ್ಚೆ ಸಾಕಾಗಿತ್ತು. “ಅಲ್ರೀ ಮುದಗಲ್ಲ, ಹೊದಿಸಿದ ಶಾಲು ಯಾರರ ತೆಗೀತಾರೇನ್ರಿ? ಹೆಣದ ಮ್ಯಾಲಿಂದೂ ತೆಗಿಯೂದಿಲ್ಲ. ಬರದಾಕಿ ಸುಳ್ಳು ಹೇಳ್ಯಾಳ, ಅದಕ್ಕ ನಮ್ಮ ಕಾಲು ಸೆಟಗೊಂಡಾವು.”

ಆಗಲೇ ಬಾಗಿಲಲ್ಲಿ ಚನ್ನವೀರಪ್ಪ ಕಾಣಿಸಿಕೊಂಡರು. ಕೈಯಲ್ಲಿ ಮಗಳು ಮರೆತುಬಂದ ಬುತ್ತಿ.

“ಬರ್ರಿ ಚನ್ನವೀರಪ್ಪನವರ, ಕೂಡ್ರಿ,” ಎಂದರು ಮುದಗಲ್ಲ.

“ಇರ್ಲಿ ಬಿಡ್ರಿ ಸಾಹೇಬ್ರ, ಇಲ್ಲೇ ಆರಾಮ ಐತಿ.” ಅವರು ಚೌಕಟ್ಟಿಗೆ ಒರಗಿ ನಿಂತರು.

“ಸರಿಯಾದ ಹೊತ್ತಿಗೆ ಬಂದ್ರಿ ನೋಡ್ರಿ. ಸಾಲಿಯೊಳಗ ಜನ್ಮಾ ತೆಗದವರು ನೀವು. ಸನ್ಮಾನದಾಗ ಒಬ್ಬಾಂವಗ ಹೊದಿಸಿದ ಶಾಲು, ಹೆಸರು ತಪ್ಪೇತಿ ಅಂತ ಹೇಳಿ ಎಲ್ಲಾರ ಮುಂದ ವಾಪಸ್ ತೆಗದ್ರಂತ. ಹಿಂಗೊಂದು ಕತಿ. ಹಂಗ ಆಗತೈತೇನ್ರಿ ಎಲ್ಲೆರ?”

ಚನ್ನವೀರಪ್ಪ ಬುತ್ತಿಯನ್ನು ಎಡಗೈಯಿಂದ ಬಲಗೈಗೆ ಬದಲಿಸಿದರು. ಮಗಳನ್ನು ನೋಡಲಿಲ್ಲ.

“ಛೇ, ಇಲ್ರಿ,” ಎಂದರು. “ಯಾರ್ ಹಂಗ ಮಾಡ್ತಾರ್ರಿ. ದೊಡ್ಡ ಮಂದಿ ಇರ್ತಾರ ಅಲ್ಲೆ. ಹಂಗ ಆಗೂದಿಲ್ಲ.” ಹಾಗೆಂದು ನಕ್ಕರು.

ನೀಲಗಂಗಾಳಿಗೆ ಆ ನಗು ಗೊತ್ತಿತ್ತು. ವೇದಿಕೆಯ ಅಂಚಿನಲ್ಲಿ ನಿಂತು ನಕ್ಕಿದ್ದ ಅದೇ ನಗು, ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಹದಿಮೂರು ವರ್ಷದಿಂದ ಈ ಮನುಷ್ಯ ಒಬ್ಬನೇ, ಯಾವ ಯಂತ್ರವೂ ಇಲ್ಲದೆ, ಆ ಪುಟವನ್ನು ಎಲ್ಲರಿಗಾಗಿ ನಯಗೊಳಿಸುತ್ತ ಬಂದಿದ್ದ. ಮುಖ್ಯವಾಗಿ ಅವಳಿಗಾಗಿ.

“ಕೇಳಿದ್ರಿಲ್ಲ?” ಎಂದರು ತೋಟಗೇರ. “ಕಳಿಸ್ರಿ ಹೊಸಾದನ್ನ.”

“ಇಲ್ಲ,” ಎಂದಳು ನೀಲಗಂಗಾ.

ಅವಳ ದನಿ ಅಷ್ಟು ದೊಡ್ಡದಾಗಿ ಬರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. ಪರದೆಯಲ್ಲಿ ಹನ್ನೆರಡು ಗೆರೆಗಳು ಅಲುಗಿದವು.

“ಏನ್ ಇಲ್ಲ?” ಮುದಗಲ್ಲರ ಹುಬ್ಬು ಗಂಟಿಕ್ಕಿತು.

“ಶಾಂತಾ ನರಗುಂದ ಅಂತ ಯಾರೂ ಇಲ್ರಿ. ನಾ ಬರದದ್ದು. ಹೊದಿಸಿದ ಶಾಲು ತೆಗದಾರ. ಮೈಕಿನ್ಯಾಗ ‘ಇಂವ ಅಲ್ಲೋ’ ಅಂದಾರ. ನನ್ನ ಕಣ್ಣ ಮುಂದ.”

“ನೀಲಾ,” ಎಂದರು ಅಪ್ಪ. “ಇರ್ಲಿ ಯವ್ವಾ. ಬುತ್ತಿ ತಗೋ.”

ಗೆರೆಗಳು ಏಳು ದಾಟಿದ್ದವು. ಓದುಗರು ಒಬ್ಬೊಬ್ಬರಾಗಿ ಪಾದಪೀಠದಿಂದ ಕಾಲು ತೆಗೆದು, ತಲೆ ಎತ್ತದೆ ಚಪ್ಪಲಿ ಹುಡುಕತೊಡಗಿದರು. ತೋಟಗೇರರ ಒಂದು ಕಾಲು ಆಗಲೇ ಬೂಟಿನೊಳಗಿತ್ತು. ಡಾ. ಮಂದಾಕಿನಿ ಮಾತ್ರ ಪಕ್ಕದ ಖಾಲಿ ಕುರ್ಚಿ ಎಳೆದುಕೊಂಡು, ತಲೆ ತಗ್ಗಿಸಿ ಕೂತರು.

ನೀಲಗಂಗಾ ಪರದೆ ಬಿಟ್ಟು ಬಾಗಿಲಿಗೆ ಹೋದಳು. ಬುತ್ತಿಯನ್ನು ತೆಗೆದುಕೊಳ್ಳಲಿಲ್ಲ.

“ಅಪ್ಪಾ, ಯಾರೋ ನಕ್ಕರು ಅಂತ ಬರದೇನಿ,” ಎಂದಳು. “ಯಾರೋ ಅಲ್ಲ. ಮೊದಲ ನಕ್ಕಾಕಿ ನಾನು.”