ಒಂದೇ ಸಲ ಕೇಳಿ ಹೋದವನು

"ನೀರು ನಿಲ್ಲಿಸಿದ್ದು ಯಾರು? ಸ್ವಲ್ಪ ಮುಖ ತೋರಿಸಿ ನೋಡೋಣ!"

ಖಾಲಿ ಬಕೆಟ್ ಕುಕ್ಕಿ ಲತೀಫಾ ಕೇಳಿದಳು. ಪೈಪಿನ ಗುಂಡಿಯೊಳಗಿಂದ ಕೆಸರು ಮೆತ್ತಿದ ಒಂದು ತಲೆ ಮೇಲೆದ್ದಿತು.

"ನಾನೇ. ಅರ್ಧ ಗಂಟೆ ಕೊಡಿ."

"ಅಲ್ಲಿವರೆಗೂ ನಮ್ಮಜ್ಜಿ ಬೈಗುಳ ಯಾರು ಕೇಳ್ತಾರೆ?"

"ಇಲ್ಲಿಗೇ ಕಳಿಸಿ. ನನಗೆ ಅರಬ್ಬಿ ಬರಲ್ಲ, ಎಷ್ಟು ಬೈದ್ರೂ ನಡೆಯುತ್ತೆ."

ಲತೀಫಾಗೆ ನಗು ತಡೆಯಲಾಗಲಿಲ್ಲ. ಬಾಗ್ದಾದ್ ಬಿಟ್ಟ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಅವನು ಬೆರ್ಕು, ರುಮೇನಿಯಾದಿಂದ ಬಂದ ಯಹೂದಿ. ವಲಸೆ ಬಂದವರನ್ನು ಇಳಿಸಿದ್ದ ಆ ಕ್ಯಾಂಪಿನ ನಲ್ಲಿಗಳಿಗೆಲ್ಲ ಅವನೇ ದಿಕ್ಕು. ಲತೀಫಾಳ ಮನೆಯವರಿಗೆ ಬಾಗ್ದಾದಿನಲ್ಲಿ ಎರಡಂತಸ್ತಿನ ಮನೆಯಿತ್ತು. 1951ರಲ್ಲಿ ಇರಾಕಿನ ಅಧಿಕಾರಿಗಳು ಯಹೂದಿಗಳೆಂದು ಸಹಿ ಹಾಕಿಸಿ ಪೌರತ್ವ ಕಿತ್ತುಕೊಂಡು, ತಲೆಗೊಂದು ಪೆಟ್ಟಿಗೆ ಹೊರಿಸಿ ವಿಮಾನ ಹತ್ತಿಸಿದ್ದರು. ಇಸ್ರೇಲಿಗೆ ಬಂದರೆ ಇಲ್ಲಿ ತಗಡಿನ ಗುಡಿಸಲು. ಅಪ್ಪ ಸಾಸೂನ್ "ಇದೂ ನಮ್ಮ ಊರಲ್ಲ" ಎಂದು ಮುಖ ಗಂಟಿಕ್ಕಿ ಕೂರುತ್ತಿದ್ದರು.

ಬೆರ್ಕು ದಿನವೂ ಬರತೊಡಗಿದ. ಕೆಡದ ನಲ್ಲಿಯನ್ನೂ ರಿಪೇರಿ ಮಾಡಿದ!

ಒಂದು ಶುಕ್ರವಾರ ಮಧ್ಯಾಹ್ನ ಬಂದವನು ಕೈಯಲ್ಲಿ ಟೋಪಿ ತಿರುಗಿಸುತ್ತ ನಿಂತ.

"ದಕ್ಷಿಣಕ್ಕೆ, ಬೇರ್ಷೆಬಾ ಊರಲ್ಲಿ ಕೆಲಸ ಸಿಕ್ಕಿದೆ. ಭಾನುವಾರ ಲಾರಿ ಹೊರಡುತ್ತೆ. ಎರಡು ಕೋಣೆ ಮನೆನೂ ಕೊಡ್ತಾರೆ. ಲತೀಫಾ... ನನ್ನ ಮದುವೆಯಾಗಿ ಬರ್ತೀರಾ? ಅಪ್ಪ, ಅಜ್ಜಿ ಎಲ್ಲರೂ ಬರಲಿ."

ಅವಳ ಎದೆ ಡವಡವ ಎಂದಿತು. ಬಾಯಿಂದ ಬಂದದ್ದು ಮಾತ್ರ, "ಬೇಡ, ಪರವಾಗಿಲ್ಲ."

ಬಾಗ್ದಾದಿನ ಮನೆಗಳಲ್ಲಿ ಚಹಾ ಕೊಟ್ಟರೂ ಮೊದಲು ಬೇಡ ಎನ್ನಬೇಕು. ಎರಡನೇ ಸಲವೂ ಅದೇ ಮಾತು. ಮೂರನೇ ಸಲ ಕೇಳಿದಾಗ ಕೈ ಚಾಚಿದರೆ ಮರ್ಯಾದೆ.

ಬೆರ್ಕುವಿನ ಮುಖ ಬಾಡಿತು. "ಕ್ಷಮಿಸಿ" ಎಂದು ಹೊರಟೇಹೋದ.

'ಇಷ್ಟೇನಾ? ಇನ್ನೊಮ್ಮೆ ಕೇಳೋಕೂ ಮನಸ್ಸಿಲ್ವಾ ಇವನಿಗೆ...'

ಭಾನುವಾರ ಬೆಳಿಗ್ಗೆ ಅವಳ ಊದಿದ ಕಣ್ಣು ನೋಡಿ ಅಜ್ಜಿ ಖಾತೂನ್ ವಿಷಯ ಬಾಯಿಬಿಡಿಸಿದಳು. ಕೇಳಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದಿ, ಅವನು ರುಮೇನಿಯಾದವನು ಕಣೇ. ಮೊನ್ನೆ ಕೇಕ್ ತಂದಿದ್ದ. ಬೇಡಪ್ಪ ಅಂದೆ. ವಾಪಸ್ ತಗೊಂಡು ಹೋಗಿ ಪೂರ್ತಿ ತಾನೇ ತಿಂದ! ಇವತ್ತಿಗೂ ಹೊಟ್ಟೆ ಉರೀತಿದೆ ನನಗೆ. ಓಡು!"

ಲತೀಫಾ ಓಡಿದಳು. ಲಾರಿ ಗುರುಗುಡುತ್ತಿತ್ತು. ಬೆರ್ಕು ಪೈಪುಗಳ ಮೇಲೆ ಕೂತಿದ್ದ.

"ಇಳೀರಿ ಕೆಳಗೆ. ಮೊನ್ನೆ ಕೇಳಿದ್ದನ್ನ ಇನ್ನೊಂದ್ಸಲ ಕೇಳಿ."

"ಬೇಡ ಅಂದವರನ್ನ ಮತ್ತೆ ಕೇಳೋದು ನಮ್ಮಲ್ಲಿ ತಪ್ಪು."

"ಒಂದೇ ಸಲ ಕೇಳಿ ಎದ್ದು ಹೋಗೋದು ನಮ್ಮಲ್ಲಿ ತಪ್ಪು."

ಅವಳು ಲಾರಿಯ ಅಂಚು ಹಿಡಿದುಕೊಂಡಳು.

"ಸಹಿ ಹಾಕು ಅಂದ್ರು, ಹಾಕಿದ್ವಿ. ಹೋಗು ಅಂದ್ರು, ಹೋದ್ವಿ. ಇಲ್ಲಿರು ಅಂದ್ರು, ಇದ್ವಿ. 'ಬರ್ತೀರಾ' ಅಂತ ಕೇಳಿದ್ದು ನೀವೊಬ್ರೇ, ಬೆರ್ಕು. ನಿಮಗೇ ಬೇಡ ಅಂದುಬಿಟ್ಟೆ ನಾನು..."

ಬೆರ್ಕು ಕೆಳಗೆ ಧುಮುಕಿದ. ಅವನ ಕಣ್ಣೂ ಒದ್ದೆಯಾಗಿತ್ತು.

"ಬರ್ತೀರಾ, ಲತೀಫಾ?"

ಅಭ್ಯಾಸಬಲದಿಂದ ಎರಡನೇ 'ಬೇಡ' ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡಳು.

"ಬರ್ತೀನಿ."

ಡ್ರೈವರ್ ಹಾರ್ನ್ ಬಾರಿಸಿದ. "ನೀವು ಹೊರಡಿ, ನಾನು ಮದುವೆ ಮಾಡ್ಕೊಂಡು ಬರ್ತೀನಿ" ಎಂದು ಬೆರ್ಕು ಕೂಗಿ ಹೇಳಿದ. ಆಮೇಲೆ ಅವಳ ಕೈ ಹಿಡಿದು ಮೆಲ್ಲಗೆ ಅಂದ, "ಅಲ್ಲಿ ಬರೀ ಮರಳು, ಲತೀಫಾ. ಒಂದು ಗಿಡ ಕೂಡ ಇಲ್ಲ."

"ಇರಲಿ ಬಿಡಿ. ನನ್ನನ್ನ ಕೇಳಿ ಕರ್ಕೊಂಡು ಹೋಗ್ತಿದ್ದೀರಲ್ಲ... ಅದು ನನ್ನ ಊರೇ."